ಏಕಾಂತದ ಬಾಡಿಗೆ

ಮಾರ್ಚ್ ಬಂದಾಗಲೆಲ್ಲ ಒಂದು ತಪ್ಪೊಪ್ಪಿಗೆ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ: 2020ರ ಲಾಕ್‌ಡೌನ್ ದಿನಗಳಲ್ಲಿ ನಾನು ಸುಖವಾಗಿದ್ದೆ.

ಮಾರ್ಚ್ 16ರಂದು ಬೇ ಏರಿಯಾದ ಆರು ಕೌಂಟಿಗಳು ಜನರೆಲ್ಲ ಮನೆಯಲ್ಲೇ ಇರಬೇಕೆಂದು ಆದೇಶಿಸಿದಾಗ ನಾನಿದ್ದದ್ದು ಸಾಂತಾ ಕ್ರೂಸ್ ಬೆಟ್ಟಗಳ ಲಾ ಹೊಂಡಾದಲ್ಲಿ, ರೆಡ್‌ವುಡ್ ಮರಗಳ ನಡುವಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ಒಬ್ಬನೇ. ಬೆಳಗಿನ ಮಂಜು ಎಲೆಗಳಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಮಲೆನಾಡಿನ ಆಷಾಢದ ಸದ್ದನ್ನಷ್ಟೇ ಯಾರೋ ತಗ್ಗಿಸಿದಂತೆ. ಹೊತ್ತಿಗೆ ಅನ್ನ, ತಿಳಿಸಾರು. ವರ್ಷಗಳಿಂದ ಅರ್ಧಕ್ಕೆ ನಿಂತಿದ್ದ ಪುಸ್ತಕಗಳು ಮುಗಿದವು. ಊರಿನಿಂದ ಅಮ್ಮ, ‘ಒಬ್ಬನೇ ಹೇಗಿದ್ದೀಯೋ’ ಎಂದು ಕೇಳಿದರೆ ‘ಹೂಂ, ಹೇಗೋ’ ಎನ್ನುತ್ತಿದ್ದೆ. ಅದೇ ವಾರಗಳಲ್ಲಿ, ನಾಲ್ಕೇ ಗಂಟೆಗಳ ಸೂಚನೆಯ ಮೇಲೆ ಇಡೀ ಭಾರತಕ್ಕೆ ಬೀಗ ಬಿದ್ದು, ಕೂಲಿಕಾರರು ಮಕ್ಕಳನ್ನು ಹೆಗಲೇರಿಸಿಕೊಂಡು ಹೆದ್ದಾರಿಗಳಲ್ಲಿ ನಡೆಯುತ್ತಿದ್ದರು. ಸುಖವಾಗಿದ್ದೇನೆಂದು ಹೇಳಲು ಬಾಯಿ ಬರಲಿಲ್ಲ.

ನಮ್ಮ ಪ್ರಗತಿಪರ ವಲಯದಲ್ಲಿ ಇಂಥ ಸುಖವನ್ನು ಹಂಗಿಸುವುದು ರೂಢಿ. ಥೋರೋ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿದ ನೆಲ ಎಮರ್ಸನ್ನನದು, ತಾಯಿಯ ಮನೆ ನಡಿಗೆಯ ದೂರದಲ್ಲಿತ್ತು ಎಂದು ನಗುತ್ತೇವೆ. ನನಗದು ಅಗ್ಗದ ಮಾತು. ಆ ಗುಡಿಸಲಿನಲ್ಲಿದ್ದಾಗಲೇ, 1846ರಲ್ಲಿ, ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತಲೆಗಂದಾಯ ಕೊಡೆನೆಂದು ಆತ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದ. ಅವನ ಏಕಾಂತಕ್ಕೆ ಲೋಕಾಂತದ ಕಡೆಗೂ ಒಂದು ಬಾಗಿಲಿತ್ತು. ನನ್ನದಕ್ಕೆ ಇತ್ತೇ?

ತರಕಾರಿಗೆಂದು ಪೆಸ್ಕಡೇರೋ ಕಡೆಗೆ ಇಳಿದಾಗ ಕಡಲ ಪಕ್ಕದ ಹೊಲಗಳಲ್ಲಿ ಬಾಗಿದ ಬೆನ್ನುಗಳು ಕಾಣುತ್ತಿದ್ದವು. ಸರ್ಕಾರ ಅವರನ್ನು ‘ಅತ್ಯಗತ್ಯ ಕಾರ್ಮಿಕರು’ ಎಂದು ಕರೆದಿತ್ತು. ಅವರಲ್ಲಿ ಕಾಗದಪತ್ರವಿಲ್ಲದವರಿಗೆ ಮಾತ್ರ ಕೇಂದ್ರದ ಪರಿಹಾರದ ಚೆಕ್ ಇಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಅಂಥ ಒಂದೂವರೆ ಲಕ್ಷ ಮಂದಿಗೆ ತಲಾ 500 ಡಾಲರ್ ಕೊಡಲು ಮುಂದಾಯಿತು, ಅಷ್ಟೆ. ಒಂದೇ ಕೋಣೆಯಲ್ಲಿ ನಾಲ್ಕಾರು ಜನ ಮಲಗುವವರಿಗೆ ಆರಡಿ ಅಂತರವೆಂಬುದು ಎಟುಕದ ಐಷಾರಾಮ. ನನ್ನ ಏಕಾಂತಕ್ಕೆ ನಾನು ಕಟ್ಟುತ್ತಿದ್ದ ಬಾಡಿಗೆ ಪೂರ್ತಿ ಬಾಡಿಗೆಯಾಗಿರಲಿಲ್ಲ.

ಆಗಸ್ಟ್‌ನಲ್ಲಿ ಸಿಡಿಲು ಹೊತ್ತಿಸಿದ ಬೆಂಕಿ ಬೆಟ್ಟಗಳನ್ನು ಆವರಿಸಿತು. ಲಾ ಹೊಂಡಾ, ಪೆಸ್ಕಡೇರೋ ಎರಡನ್ನೂ ತೆರವು ಮಾಡಿಸಿದರು. ಲ್ಯಾಪ್‌ಟಾಪನ್ನು ಕಾರಿಗೆ ಹಾಕಿಕೊಂಡು ಸನ್ನಿವೇಲ್‌ನ ಗೆಳೆಯರ ಮನೆ ಸೇರಿದೆ. ಕೆಲಸ ಒಂದು ದಿನವೂ ತಪ್ಪಲಿಲ್ಲ, ಸಂಬಳವೂ. ರಾಜ್ಯದ ಎಷ್ಟೋ ಹೊಲಗಳಲ್ಲಿ ಆ ಹೊಗೆಯಲ್ಲೇ ಕೊಯ್ಲು ನಡೆದಿತ್ತು.

ಇದು ಅಮೆರಿಕದ ಕಥೆ ಮಾತ್ರವೆಂದು ಕೈತೊಳೆದುಕೊಳ್ಳುವಂತಿಲ್ಲ. 2020ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳನ್ನು ಭೇಟಿಯಾದ ಬೆನ್ನಲ್ಲೇ ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರ ರೈಲುಗಳು ಬೇಡವೆಂದಿತು. ಛೀಮಾರಿ ಬಿದ್ದ ಮೇಲೆ ನಿರ್ಧಾರ ಬದಲಿಸಿತು. ಒಬ್ಬನಿಗೆ ಮನೆಯಲ್ಲಿರುವ ಸುಖ, ಇನ್ನೊಬ್ಬನಿಗೆ ಮನೆಗೆ ಹೋಗುವ ಹಕ್ಕೂ ಇಲ್ಲ.

ಲಾ ಹೊಂಡಾದಿಂದ ಮುಕ್ಕಾಲು ಗಂಟೆಯೊಳಗಿನ ದಾರಿ ಹಾಫ್ ಮೂನ್ ಬೇ. 2023ರ ಜನವರಿ 23ರಂದು ಅಲ್ಲಿನ ಎರಡು ತೋಟಗಳಲ್ಲಿ ಏಳು ಕೃಷಿ ಕಾರ್ಮಿಕರು ಗುಂಡಿಗೆ ಬಲಿಯಾದ ಮೇಲಷ್ಟೇ ಅವರಲ್ಲಿ ಕೆಲವರು ಶಿಪ್ಪಿಂಗ್ ಕಂಟೇನರುಗಳಲ್ಲಿ ಬದುಕುತ್ತಿದ್ದರೆಂಬುದು ಸುದ್ದಿಯಾಯಿತು. ಮರುವರ್ಷ ಅದೇ ಪಟ್ಟಣದಲ್ಲಿ ವೃದ್ಧ ಕೃಷಿ ಕಾರ್ಮಿಕರಿಗೆ 40 ಮನೆಗಳ ಕಟ್ಟಡವೊಂದರ ಪ್ರಸ್ತಾಪ ಯೋಜನಾ ಆಯೋಗದ ಮುಂದೆ ಬಂತು. ಕಟ್ಟಡ ಎತ್ತರವಾಯಿತು, ಪಾರ್ಕಿಂಗ್ ಸಾಲದು ಎಂದು ಆಕ್ಷೇಪಗಳೆದ್ದವು. ಆ ಸಭೆಗಳಲ್ಲಿ ಯಾರು ಬೇಕಾದರೂ ಎದ್ದು ನಿಂತು ಮಾತನಾಡಬಹುದಿತ್ತು. ನಾನು ಹೋಗಲಿಲ್ಲ. ಆಗ ಯಾವ ಆದೇಶವೂ ಇರಲಿಲ್ಲ; ಮನೆಯಲ್ಲೇ ಇದ್ದೆ.