ಕಿಟಕಿಯ ಮೇಲಿನ ಮಣ್ಣಿನ ಗೂಡೂ ಪಾಠವೇ

ಚಂದ್ರಬಂಡದಲ್ಲಿ ಬೋಧನಾಭ್ಯಾಸ ನಡೆದಿತ್ತು. ಪ್ರಶಿಕ್ಷಣಾರ್ಥಿಯೊಬ್ಬರು ಲಾಡಿಹುಳುವಿನ ಚಾರ್ಟು ತೂಗುಹಾಕಿ 'ಪರಾವಲಂಬಿ ಜೀವಿಗಳು' ಪಾಠ ಮಾಡುತ್ತಿದ್ದರು. ಕಿಟಕಿ ಪಕ್ಕದ ಹುಡುಗಿ ಎದ್ದು, "ಸರ, ಹಸ್ರು ಹುಳ ಮಣ್ಣಿನ ಗೂಡಿಗೆ ತೂತು ಹಾಕಕತ್ತೈತ್ರಿ" ಎಂದಳು. ಅವರು ಚಾರ್ಟು ಬಿಟ್ಟು ಮಕ್ಕಳೊಂದಿಗೆ ಕಿಟಕಿಗೆ ಹೋದರು. ಹಿಂದೆ ಕುಳಿತಿದ್ದ ನಾನು ಅವಲೋಕನ ಪುಸ್ತಕದಲ್ಲಿ 'ಪಾಠಯೋಜನೆಯಿಂದ ವಿಚಲನೆ' ಎಂದು ಬರೆದು ಅಂಕ ಕಳೆದೆ. ತಪ್ಪು ನನ್ನದೇ ಎಂದು ಈಗ ಅನಿಸುತ್ತದೆ.

ಆ ಹುಳು ಕೋಗಿಲೆ ಕಣಜ. ಜಗತ್ತಿನಲ್ಲಿ ಇವುಗಳ ಸುಮಾರು 3,000 ಪ್ರಭೇದಗಳಿವೆ. ಲೋಹದಂತೆ ಹೊಳೆಯುವ ಹಸಿರು-ನೀಲಿ ಮೈ. ಅದು ಬಣ್ಣದ ದ್ರವ್ಯದ್ದಲ್ಲ, ಹೊರಕವಚದ ರಚನೆಯಿಂದ ಬರುವ ಹೊಳಪು. ಗೂಡಿನೊಡತಿ ಎರಗಿದರೆ ಹೊಟ್ಟೆ ಮಡಚಿ ಗುಂಡಾಗುತ್ತದೆ. ಗಟ್ಟಿ ಕವಚವೇ ರಕ್ಷಣೆ. ಇನ್ನೊಂದು ಕಣಜದ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಕೆಲವು ಪ್ರಭೇದಗಳ ಮರಿ ಆತಿಥೇಯದ ಬೆಳೆದ ಮರಿಯನ್ನೇ ತಿನ್ನುತ್ತದೆ. ಇನ್ನು ಕೆಲವು ಅದರ ಮೊಟ್ಟೆಯನ್ನೋ ಎಳೆಮರಿಯನ್ನೋ ಕೊಂದು ಕೂಡಿಟ್ಟ ಆಹಾರವನ್ನು ಉಣ್ಣುತ್ತವೆ. ಲಾಡಿಹುಳು ಸಾಮಾನ್ಯವಾಗಿ ಆತಿಥೇಯವನ್ನು ಬದುಕಲು ಬಿಡುತ್ತದೆ, ಇದು ಬಿಡುವುದಿಲ್ಲ. ಈ ವ್ಯತ್ಯಾಸ ಚಾರ್ಟಿನಲ್ಲಿರಲಿಲ್ಲ, ಕಿಟಕಿಯಲ್ಲಿತ್ತು.

ಆ ದಿನ ನಿಜವಾಗಿ ಗುರುತಿಸಬೇಕಿದ್ದುದನ್ನು ನಾನು ಗುರುತಿಸಲಿಲ್ಲ. "ಅದು ಕಳ್ಳ ಹುಳೇನ್ರಿ?" ಎಂದು ಹುಡುಗನೊಬ್ಬ ಕೇಳಿದಾಗ ಪ್ರಶಿಕ್ಷಣಾರ್ಥಿ "ಹೌದು" ಎಂದುಬಿಟ್ಟರು. ಮಣ್ಣಿನ ಗೂಡು ಕಟ್ಟುವ ಕಣಜವೇನು ಸಾಧುವೇ? ಅದೂ ಜೇಡವನ್ನೋ ಕಂಬಳಿಹುಳುವನ್ನೋ ಕುಟುಕಿ ನಿಶ್ಚೇಷ್ಟಗೊಳಿಸಿ ತನ್ನ ಮರಿಗೆ ಬುತ್ತಿ ಕಟ್ಟುತ್ತದೆ. 'ಕಳ್ಳ', 'ಸೋಮಾರಿ' ಎಂದೊಡನೆ ಮಗುವಿನ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. "ಹೇಗೆ ಗೊತ್ತಾಯಿತು? ಮುಂದೇನಾದೀತು?" ಎಂದು ಕೇಳಿದ್ದರೆ ಅದು ಬೆಳೆಯುತ್ತಿತ್ತು.

ಕೋಗಿಲೆಯ ಹೋಲಿಕೆಗೂ ಮಿತಿಯಿದೆ. ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಕಾಗೆಮರಿಗಳನ್ನು ಗೂಡಿನಿಂದ ತಳ್ಳುವುದಿಲ್ಲ. ಹೋಲಿಕೆ ಕೊಟ್ಟಮೇಲೆ ಅದು ಎಲ್ಲಿ ಹೊಂದುವುದಿಲ್ಲ ಎಂದೂ ಹೇಳಬೇಕು.

ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಿ ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿತು. ನಾವು ಅದನ್ನು ಪರೀಕ್ಷೆಗೆ ಬರೆಸುತ್ತೇವೆ, ಅದರಂತೆ ನಡೆದವರ ಅಂಕ ಕಳೆಯುತ್ತೇವೆ. ನನ್ನ ಸಲಹೆ ಇಷ್ಟೇ: ಅವಲೋಕನ ಪುಸ್ತಕದಲ್ಲಿ 'ಮಕ್ಕಳು ಕಂಡದ್ದನ್ನು ಪಾಠಕ್ಕೆ ಜೋಡಿಸಿದರೇ?' ಎಂಬ ಒಂದು ಅಂಶ ಸೇರಲಿ. ಬಾಯಿ ಮುಚ್ಚಿದ ಮಣ್ಣಿನ ಗೂಡೊಂದನ್ನು ಶಿಕ್ಷಕರೇ ಬಿಡಿಸಿ ತಂದು, ಗಾಜಿನ ಬಾಟಲಿಯಲ್ಲಿಟ್ಟು ತೆಳುಬಟ್ಟೆ ಕಟ್ಟಲಿ. ಹೊರಬರುವುದು ಗೂಡು ಕಟ್ಟಿದವಳ ಮರಿಯೋ, ಹಸಿರು ಕಣಜವೋ? ಮಕ್ಕಳು ದಿನಾಂಕ ಹಾಕಿ ಬರೆಯಲಿ, ಕೊನೆಗೆ ಬಟ್ಟೆ ಬಿಚ್ಚಿ ಹಾರಲು ಬಿಡಲಿ.