72 ಗಂಟೆ ಎಣಿಸುವುದು ಎಲ್ಲಿಂದ?

ಮಗಳಿಗೋ ಮಗನಿಗೋ ವಿದೇಶದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತೆಂದರೆ ಮನೆಯಲ್ಲಿ ಪಟ್ಟಿ ಬರೆಯುವ ಕೆಲಸ ಶುರುವಾಗುತ್ತದೆ. ಬ್ಯಾಂಕ್ ಸಾಲದ ಕಾಗದ, ವೀಸಾ, ಚಳಿಗೆ ಸ್ವೆಟರು, ಚಟ್ನಿಪುಡಿ, ಸಾರಿನಪುಡಿ. 2021ರಲ್ಲಿ ಈ ಪಟ್ಟಿಯ ಕೊನೆಗೆ ಹೊಸದೊಂದು ಸಾಲು ಸೇರಿತು: ಕೋವಿಡ್ ಪರೀಕ್ಷೆಯ ವರದಿ. ನೋಡಲು ಒಂದೇ ಹಾಳೆ. ಆದರೆ ಉಳಿದದ್ದೆಲ್ಲ ಸರಿಯಿದ್ದೂ ಆ ಹಾಳೆಯ ಮೇಲಿನ ಸಮಯ ಕೆಲವು ಗಂಟೆ ಹಿಂದಾಗಿದ್ದರೆ ಅಥವಾ ಹೆಸರು ಪಾಸ್‌ಪೋರ್ಟಿಗೆ ಹೊಂದದಿದ್ದರೆ ವಿಮಾನ ತಪ್ಪುವ ಸಾಧ್ಯತೆಯಿತ್ತು. ವಿಮಾನ ತಪ್ಪಿದರೆ ಟಿಕೆಟ್ಟಿನ ಹಣ ಹೋಗುತ್ತದೆ. ತರಗತಿಗೆ ಸೇರುವ ಗಡುವು ಮೀರಿದರೆ ಒಂದು ಸೆಮಿಸ್ಟರೇ ಹೋಗುತ್ತದೆ.

ಆ ದಿನಗಳು ಮುಗಿದಿವೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಘೋಷಿಸಿದ್ದ ಜಾಗತಿಕ ಆರೋಗ್ಯ ತುರ್ತುಸ್ಥಿತಿ 2023ರ ಮೇ 5ರಂದು ಕೊನೆಗೊಂಡಿತು. ಆದರೆ ಆ ಮೂರು ವರ್ಷಗಳ ಪಾಠ ಇಂದು ಹೊರಡುವ ವಿದ್ಯಾರ್ಥಿಗೂ ಬೇಕಾದದ್ದು. ರೋಗ ಬದಲಾಗಬಹುದು, ಕೌಂಟರಿನ ಮುಂದೆ ಕಾಗದ ಹಿಡಿದು ನಿಲ್ಲುವುದು ತಪ್ಪುವುದಿಲ್ಲ.

ದಿನದ ಲೆಕ್ಕ, ಗಂಟೆಯ ಲೆಕ್ಕ

ಆರ್‌ಟಿ-ಪಿಸಿಆರ್ ಪರೀಕ್ಷೆ ಹೇಳುವುದು ಮೂಗು-ಗಂಟಲಿನಿಂದ ಮಾದರಿ ತೆಗೆದ ಹೊತ್ತಿನ ಸ್ಥಿತಿಯನ್ನು ಮಾತ್ರ. ಸೋಂಕು ತಗುಲಿದ ಮೊದಲ ಒಂದೆರಡು ದಿನ ವೈರಸ್ಸಿನ ಪ್ರಮಾಣ ತೀರ ಕಡಿಮೆ ಇರುವುದರಿಂದ ಪರೀಕ್ಷೆಯ ಕಣ್ಣಿಗೆ ಅದು ಬೀಳದೇ ಹೋಗಬಹುದು. ಮಾದರಿ ಕೊಟ್ಟು ಮನೆಗೆ ಬರುವ ದಾರಿಯಲ್ಲೇ ಸೋಂಕು ತಗುಲಬಹುದು. ಹಾಗಾಗಿ ವರದಿ ಹಳತಾದಷ್ಟೂ ಅದರ ಬೆಲೆ ಇಳಿಯುತ್ತದೆ. ಎಲ್ಲ ದೇಶಗಳೂ ವರದಿಗೆ ಗಡುವು ಹಾಕಿದ್ದಕ್ಕೆ ಇದೇ ಕಾರಣ.

ತೊಡಕು ಇದ್ದದ್ದು ಗಡುವಿನಲ್ಲಲ್ಲ, ಅದನ್ನು ಎಣಿಸುವ ಬಗೆಯಲ್ಲಿ. ಭಾರತಕ್ಕೆ ಬರುವವರು ಪ್ರಯಾಣಕ್ಕೆ ಮುಂಚಿನ 72 ಗಂಟೆಗಳೊಳಗಿನ ವರದಿಯನ್ನು ‘ಏರ್ ಸುವಿಧಾ’ ಜಾಲತಾಣಕ್ಕೆ ಏರಿಸಬೇಕಿತ್ತು. 2021ರ ಆಗಸ್ಟ್‌ನಲ್ಲಿ ಇಲ್ಲಿಂದ ದುಬೈಗೆ ಹೋಗುವವರಿಗೆ ಮಾದರಿ ಕೊಟ್ಟ ಹೊತ್ತಿನಿಂದ 48 ಗಂಟೆ; ಅದು ಸಾಲದೆಂದು ವಿಮಾನ ಹೊರಡುವ ಮುಂಚಿನ 6 ಗಂಟೆಗಳೊಳಗೆ ನಿಲ್ದಾಣದಲ್ಲೇ ಇನ್ನೊಂದು ಕ್ಷಿಪ್ರ ಪರೀಕ್ಷೆ. ಅಮೆರಿಕ 2021ರ ಜನವರಿ 26ರಿಂದ ವರದಿ ಕೇಳತೊಡಗಿತು. ಅಲ್ಲಿನ ನಿಯಮದಲ್ಲಿ ಇದ್ದದ್ದು 72 ಗಂಟೆಯಲ್ಲ, 3 ದಿನ.

ಎರಡೂ ಒಂದೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ವಿಮಾನ ಶುಕ್ರವಾರ ರಾತ್ರಿ 10ಕ್ಕೆ, ಮಾದರಿ ಕೊಟ್ಟದ್ದು ಮಂಗಳವಾರ ಬೆಳಿಗ್ಗೆ 10ಕ್ಕೆ ಎಂದಿಟ್ಟುಕೊಂಡರೆ ಗಂಟೆಯ ಲೆಕ್ಕದಲ್ಲಿ ವರದಿಗೆ 84 ಗಂಟೆ ವಯಸ್ಸಾಯಿತು. 72ರ ನಿಯಮದಲ್ಲಿ ಅದು ರದ್ದಿ ಕಾಗದ. ದಿನದ ಲೆಕ್ಕದಲ್ಲಿ ಮಂಗಳವಾರ ಯಾವ ಹೊತ್ತಿನಲ್ಲಿ ಕೊಟ್ಟಿದ್ದರೂ ಅದು ಊರ್ಜಿತ. ‘ಮೂರು ದಿನ ಅಂದರೆ ಎಪ್ಪತ್ತೆರಡು ಗಂಟೆ’ ಎಂದು ಒಬ್ಬರಿಂದೊಬ್ಬರಿಗೆ ಹರಡಿದ ಮಾತನ್ನು ನಂಬಿ ಎರಡನೆಯ ಪರೀಕ್ಷೆಗೆ ಹಣ ತೆರುವ ಅಗತ್ಯ ಇರಲಿಲ್ಲ. ನಿಯಮದ ಒಂದು ಸಾಲು ಓದಿದ್ದರೆ ಸಾಕಿತ್ತು.

ಒಮಿಕ್ರಾನ್ ಬಂದ ಮೇಲೆ ಈ ಹಗ್ಗ ಇನ್ನಷ್ಟು ಬಿಗಿಯಾಯಿತು. ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದದ್ದು ಕರ್ನಾಟಕದಲ್ಲೇ, 2021ರ ಡಿಸೆಂಬರ್ 2ರಂದು. ಅದೇ ತಿಂಗಳ 6ರಿಂದ ಅಮೆರಿಕ ತನ್ನ 3 ದಿನದ ಗಡುವನ್ನು 1 ದಿನಕ್ಕೆ ಇಳಿಸಿತು.

2022ರ ಜನವರಿಯಲ್ಲಿ ದಾವಣಗೆರೆಯಿಂದ ಅಮೆರಿಕಕ್ಕೆ ಹೊರಟ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಬೆಂಗಳೂರಿನಿಂದ ಅವಳ ವಿಮಾನ ನಸುಕಿನ 1.30ಕ್ಕೆ. ಮನೆಯವರ ಬಾಯಲ್ಲಿ ಅದು ‘ಗುರುವಾರ ರಾತ್ರಿಯ ಫ್ಲೈಟು’; ಟಿಕೆಟ್ಟಿನಲ್ಲಿ ಶುಕ್ರವಾರ. ಒಂದು ದಿನದ ನಿಯಮದಂತೆ ಗುರುವಾರ ಕೊಟ್ಟ ಮಾದರಿ ನಡೆಯುತ್ತದೆ. ಬುಧವಾರ ಸಂಜೆ 7ಕ್ಕೆ ಊರಿನಲ್ಲೇ ಕೊಟ್ಟು ನಿಶ್ಚಿಂತೆಯಿಂದ ಬಸ್ಸು ಹತ್ತಿದ್ದರೆ ಆ ವರದಿ ನಡೆಯುವುದಿಲ್ಲ. ಗುರುವಾರ ಬೆಳಿಗ್ಗೆಯೇ ಬೆಂಗಳೂರಿನ ಪ್ರಯೋಗಾಲಯದಲ್ಲಿ ಮಾದರಿ ಕೊಟ್ಟರೂ ಪಿಸಿಆರ್ ಫಲಿತಾಂಶ ರಾತ್ರಿಯೊಳಗೆ ಬಾರದಿದ್ದರೆ ಗತಿಯೇನು ಎಂಬ ಚಿಂತೆ ಬೇರೆ. ಇಷ್ಟಾಗಿಯೂ ಅವಳಿಗೊಂದು ದಾರಿಯಿತ್ತು. ಪಿಸಿಆರ್ ಅಷ್ಟೇ ಅಲ್ಲ, ಆ್ಯಂಟಿಜನ್ ಪರೀಕ್ಷೆಯನ್ನೂ ಒಪ್ಪುತ್ತೇವೆ ಎಂದು ಅಮೆರಿಕದ ನಿಯಮವೇ ಹೇಳುತ್ತಿತ್ತು. ಅದರ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕಿಲ್ಲ. ನಿಯಮ ಓದಿದವರಿಗೆ ಸಿಗುವುದು ಬರೀ ಹೆದರಿಕೆಯಲ್ಲ. ಕೆಲವೊಮ್ಮೆ ಸಮಾಧಾನವೂ ಸಿಗುತ್ತದೆ.

ನಡುವೆ ವಿಮಾನ ಬದಲಿಸುವುದಿದ್ದರೆ ಲೆಕ್ಕ ಯಾವ ವಿಮಾನದಿಂದ? ಅದಕ್ಕೂ ಉತ್ತರವಿತ್ತು. ಎಲ್ಲ ಹಂತಗಳೂ ಒಂದೇ ಬುಕಿಂಗ್‌ನಲ್ಲಿದ್ದು, ನಡುವಿನ ತಂಗುವಿಕೆ 24 ಗಂಟೆ ಮೀರದಿದ್ದರೆ ಬೆಂಗಳೂರು ಬಿಡುವ ಮೊದಲ ವಿಮಾನದಿಂದ ಎಣಿಕೆ. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಅಮೆರಿಕಕ್ಕೆ ಇಳಿಯುವ ಕೊನೆಯ ವಿಮಾನದಿಂದ. ಟಿಕೆಟ್ಟಿನಲ್ಲಿ ಉಳಿಸಿದ ಹಣ ಪರದೇಶದ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಪರೀಕ್ಷೆಗೆ ಖರ್ಚಾಗಬಹುದಿತ್ತು. ಈ ಪರೀಕ್ಷೆಯ ನಿಯಮ 2022ರ ಜೂನ್ 12ಕ್ಕೆ ರದ್ದಾಯಿತು.

ಇನಿಷಿಯಲ್ಲಿನ ತಾಪತ್ರಯ

ಎರಡನೆಯ ತೊಡಕು ನಮ್ಮ ಕಡೆಯವರಿಗೇ ಹೆಚ್ಚು ಅಂಟಿಕೊಂಡದ್ದು. ಕರ್ನಾಟಕದಲ್ಲಿ ಹೆಸರೆಂದರೆ ಒಂದು ಹೆಸರು, ಹಿಂದೋ ಮುಂದೋ ಎರಡು ಇನಿಷಿಯಲ್. ಒಂದು ಊರಿನದು, ಇನ್ನೊಂದು ಅಪ್ಪನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್ ಬಿಡಿಸಿಕೊಂಡು ಪೂರ್ಣ ಹೆಸರಾಗುತ್ತದೆ. ಲಸಿಕೆ ಹಾಕಿಸಿಕೊಳ್ಳಲು ಹೋದವರು ಸಾಮಾನ್ಯವಾಗಿ ತೋರಿಸಿದ್ದು ಆಧಾರ್. ಪ್ರಮಾಣಪತ್ರದಲ್ಲಿ ಮೂಡಿದ್ದೂ ಅದೇ ಹೆಸರು. ಇಲ್ಲಿ ಇಬ್ಬರೂ ಒಬ್ಬರೇ ಎಂದು ಬೀದಿಗೆಲ್ಲ ಗೊತ್ತು; ಸಾವಿರಾರು ಮೈಲಿ ದೂರದ ಅಧಿಕಾರಿಗೆ ಗೊತ್ತಾಗುವುದು ಹೇಗೆ?

2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ದಾರಿ ಮಾಡಿತು. ಕೋವಿನ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಜೋಡಿಸುವ, ಹೆಸರಿನ ತಪ್ಪನ್ನು ಒಮ್ಮೆ ತಿದ್ದಿಕೊಳ್ಳುವ ಅವಕಾಶ ಬಂತು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ ಆಗ 84 ದಿನ ಕಾಯಬೇಕಿತ್ತು. ವಿದೇಶಕ್ಕೆ ಓದಲು ಹೊರಟವರಿಗೆ 28 ದಿನಗಳ ನಂತರವೇ ಎರಡನೆಯ ಡೋಸ್ ಕೊಡಬಹುದೆಂದು ಅದೇ ತಿಂಗಳು ಆದೇಶವಾಯಿತು. ಪ್ರವೇಶಪತ್ರ, ವೀಸಾ ಕಾಗದ ತೋರಿಸಿದರೆ ಸಾಕು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆವರಣದಲ್ಲಿ ಇಂಥ ವಿದ್ಯಾರ್ಥಿಗಳಿಗೆಂದೇ ಲಸಿಕೆ ಕೇಂದ್ರ ನಡೆಯಿತು.

ಆದರೂ ಒಂದು ಸಣ್ಣ ಕೊರತೆ ಉಳಿದಿತ್ತು. ಕೋವಿನ್ ಪ್ರಮಾಣಪತ್ರದಲ್ಲಿ ಇದ್ದದ್ದು ವಯಸ್ಸು ಮತ್ತು ಹುಟ್ಟಿದ ವರ್ಷದ ಲೆಕ್ಕ, ಪೂರ್ಣ ಜನ್ಮದಿನಾಂಕವಲ್ಲ. 2021ರ ಸೆಪ್ಟೆಂಬರ್ 22ರಂದು ಬ್ರಿಟನ್ ಕೋವಿಶೀಲ್ಡನ್ನು ಮಾನ್ಯ ಲಸಿಕೆಗಳ ಪಟ್ಟಿಗೆ ಸೇರಿಸಿತು. ಹಾಗಿದ್ದೂ ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಲಸಿಕೆ ಸರಿ, ಕಾಗದ ಸರಿಯಿಲ್ಲ ಎಂಬ ವಿಚಿತ್ರ ಸ್ಥಿತಿ. ಭಾರತವೂ ಅಕ್ಟೋಬರ್ 4ರಿಂದ ಬ್ರಿಟಿಷ್ ಪ್ರಜೆಗಳಿಗೆ 10 ದಿನದ ಕ್ವಾರಂಟೈನ್ ವಿಧಿಸಿತು. ಕೋವಿನ್‌ನಲ್ಲಿ ಪೂರ್ಣ ಜನ್ಮದಿನಾಂಕ ಸೇರಿಸುವ ವ್ಯವಸ್ಥೆಯೂ ಬಂತು. ಅಕ್ಟೋಬರ್ 11ರಿಂದ ಬ್ರಿಟನ್ ಭಾರತದ ಪ್ರಮಾಣಪತ್ರವನ್ನು ಒಪ್ಪಿಕೊಂಡಿತು. ಎರಡು ಸರ್ಕಾರಗಳು ಸೆಣಸಿದ್ದು ಮುಖ್ಯವಾಗಿ ಕಾಗದಕ್ಕಾಗಿ.

ಪಟ್ಟಿ ಬದಲಾದಾಗ

ಎಷ್ಟು ಎಚ್ಚರದಿಂದಿದ್ದರೂ ಕೆಲವೊಮ್ಮೆ ನಿಯಮವೇ ಕಾಲಡಿಯಿಂದ ಸರಿದುಹೋಗುತ್ತಿತ್ತು. 2021ರ ಏಪ್ರಿಲ್ 23ರಂದು ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಹಾಕಿತು. ಆ ಪಟ್ಟಿಯ ದೇಶದಿಂದ ಹೋದ ವಿದ್ಯಾರ್ಥಿ ಸರ್ಕಾರ ಗೊತ್ತುಮಾಡಿದ ಹೋಟೆಲಿನಲ್ಲಿ ಕ್ವಾರಂಟೈನ್ ಆಗಬೇಕಿತ್ತು. ಒಬ್ಬರಿಗೆ 1,750 ಪೌಂಡ್. ಆಗಸ್ಟ್ 8ರಂದು ಭಾರತ ಆ ಪಟ್ಟಿಯಿಂದ ಹೊರಬಂತು. ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗುವವರಲ್ಲಿ ಕಾದವರ ಹಣ ಉಳಿಯಿತು, ಆತುರಪಟ್ಟವರ ಹಣ ಹೋಯಿತು.

ಕೆನಡಾ ಏಪ್ರಿಲ್ 22ರಿಂದ ಭಾರತದ ನೇರ ವಿಮಾನಗಳನ್ನು ನಿಲ್ಲಿಸಿತು. ಬೇರೆ ದೇಶದ ಮೂಲಕ ಬರುವವರು ಆ ದೇಶದಲ್ಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು, ಭಾರತದ ವರದಿ ನಡೆಯದು ಎಂಬ ಷರತ್ತು ಬೇರೆ. ಮೆಕ್ಸಿಕೊ, ಸರ್ಬಿಯಾ, ಮಾಲ್ಡೀವ್ಸ್ ಎಂದು ಭೂಪಟ ಸುತ್ತಿ ತರಗತಿ ಸೇರಿದ ವಿದ್ಯಾರ್ಥಿಗಳಿದ್ದರು. ನಡುದಾರಿಯಲ್ಲಿ ಪಾಸಿಟಿವ್ ಬಂದರೆ ಗೊತ್ತಿಲ್ಲದ ಊರಿನಲ್ಲಿ ಒಬ್ಬರೇ ಉಳಿಯಬೇಕು. ಸೋಂಕು ವಾಸಿಯಾದ ಮೇಲೂ ವಾರಗಟ್ಟಲೆ ಪಿಸಿಆರ್ ಪಾಸಿಟಿವ್ ಬರಬಹುದು ಎಂಬುದು ಅವರ ಭಯವನ್ನು ಇನ್ನೂ ಹೆಚ್ಚಿಸಿತ್ತು. ನೇರ ವಿಮಾನಗಳು ಮತ್ತೆ ಹಾರಿದ್ದು ಸೆಪ್ಟೆಂಬರ್ 27ರಂದು.

ಕೌಂಟರಿನ ಆಚೆಗೆ ಕುಳಿತವರು

ಕಾಗದ ಸರಿಯಿಲ್ಲದ ಪ್ರಯಾಣಿಕನನ್ನು ಕರೆದೊಯ್ದರೆ ಅವನನ್ನು ಹಿಂದಕ್ಕೆ ತರುವ ಹೊಣೆ ವಿಮಾನ ಕಂಪನಿಯದು. ಹಲವು ದೇಶಗಳಲ್ಲಿ ಕಂಪನಿಗೆ ದಂಡವೂ ಬೀಳುತ್ತದೆ. ಚೆಕ್-ಇನ್ ಕೌಂಟರಿನ ಸಿಬ್ಬಂದಿ ಕಟ್ಟುನಿಟ್ಟಾಗಿರುವುದು ಇದಕ್ಕೇ. ಅವರಿಗೆ ಅನುಮಾನ ಬಂದರೆ ‘ನಮ್ಮ ಪರಿಚಯದವರು ಹೀಗೇ ಹೋದರು’ ಎಂಬ ಮಾತು ಕೆಲಸಕ್ಕೆ ಬಾರದು. ಆ ದೇಶದ ಸರ್ಕಾರದ ಜಾಲತಾಣದಲ್ಲಿರುವ ನಿಯಮದ ಪ್ರತಿ ಕೈಯಲ್ಲಿದ್ದು, ಸಂಬಂಧಪಟ್ಟ ಸಾಲಿಗೆ ಗೆರೆ ಎಳೆದಿದ್ದರೆ ಅದು ಕೆಲಸಕ್ಕೆ ಬಂದೀತು. ಏಜೆಂಟರ ಮಾತು, ವಾಟ್ಸ್ಆ್ಯಪ್ ಸಂದೇಶ, ಹಿಂದಿನ ವರ್ಷ ಹೋದ ಸೀನಿಯರ್‌ನ ಅನುಭವ ಇವೆಲ್ಲ ದಾರಿ ತೋರಿಸಬಹುದು; ಆಧಾರವಾಗಲಾರವು.

ಇವತ್ತಿಗೆ ಉಳಿದದ್ದು

ಏರ್ ಸುವಿಧಾ ಅರ್ಜಿಯನ್ನು ಭಾರತ 2022ರ ನವೆಂಬರ್ 22ರಂದು ಕೈಬಿಟ್ಟಿತು. ಚೀನಾದಲ್ಲಿ ಸೋಂಕು ಏರಿದಾಗ 2023ರ ಜನವರಿ 1ರಿಂದ ಆರು ದೇಶಗಳಿಂದ ಬರುವವರಿಗೆ ಅದು ಮತ್ತೆ ಬಂತು, ಫೆಬ್ರವರಿಯಲ್ಲಿ ಮತ್ತೆ ಹೋಯಿತು. ಹೋದದ್ದು ಹಿಂತಿರುಗಿ ಬರಬಹುದು ಎನ್ನುವುದಕ್ಕೆ ಅದೇ ಸಾಕ್ಷಿ.

ಕೋವಿಡ್ ಕಾಗದ ಹೋದರೂ ಆರೋಗ್ಯದ ಕಾಗದಗಳು ಹೋಗಿಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿನಲ್ಲಿ ಓದಲು ಹೋಗುವ ಭಾರತದ ವಿದ್ಯಾರ್ಥಿ ವೀಸಾಕ್ಕೆ ಮುಂಚೆ ಕ್ಷಯರೋಗದ ತಪಾಸಣೆ ಮಾಡಿಸಿಕೊಳ್ಳಬೇಕು, ಅದೂ ಆ ಸರ್ಕಾರ ಒಪ್ಪಿದ ಕ್ಲಿನಿಕ್ಕಿನಲ್ಲೇ. ಪ್ರಮಾಣಪತ್ರಕ್ಕೆ 6 ತಿಂಗಳ ಆಯುಷ್ಯ. ಎಕ್ಸ್-ರೇಯಲ್ಲಿ ಸಂದೇಹ ಬಂದರೆ ಕಫ ಪರೀಕ್ಷೆಯ ಫಲಿತಾಂಶಕ್ಕೆ ಎರಡು ತಿಂಗಳವರೆಗೂ ಹಿಡಿಯಬಹುದು. ಆದ್ದರಿಂದ ತೀರ ಮುಂಚೆಯೂ ಸಲ್ಲ, ಕೊನೆಯ ವಾರವೂ ಸಲ್ಲ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ದಡಾರ ಮೊದಲಾದ ಲಸಿಕೆಗಳ ದಾಖಲೆ ಕೇಳುತ್ತವೆ. ಆಗ ನೆನಪಾಗುವುದು ಅಮ್ಮನ ಬೀರುವಿನಲ್ಲಿರುವ ಹಳೆಯ ‘ತಾಯಿ ಕಾರ್ಡು’. ಅದು ಸಿಗದಿದ್ದರೆ ಲಸಿಕೆ ಮತ್ತೆ ಹಾಕಿಸಿಕೊಳ್ಳಬೇಕಾದೀತು. ಎರಡು ಡೋಸ್‌ಗಳ ನಡುವೆ 28 ದಿನವಾದರೂ ಬೇಕು. ಕೆನ್ಯಾ, ಉಗಾಂಡದಂಥ ದೇಶಗಳಿಗೆ ಹೋಗಿ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪತ್ರ ಬೇಕು. ಅದು ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ.

ಇವೆಲ್ಲಕ್ಕೂ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಎಣಿಕೆ ದಿನದ್ದೋ ಗಂಟೆಯದ್ದೋ? ಎಲ್ಲಿಂದ ಎಲ್ಲಿಗೆ? ಹೆಸರು, ಜನ್ಮದಿನಾಂಕ ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ? ಕಾಗದ ಕೊಟ್ಟವರನ್ನು ಆ ದೇಶ ಒಪ್ಪುತ್ತದೆಯೇ? ಈ ನಾಲ್ಕಕ್ಕೆ ಉತ್ತರವನ್ನು ವಿದ್ಯಾರ್ಥಿಯೇ ಹುಡುಕಬೇಕು. ಅಪ್ಪ ಹಣ ಹೊಂದಿಸಿಯಾರು, ಅಮ್ಮ ಪೆಟ್ಟಿಗೆ ಕಟ್ಟಿಕೊಟ್ಟಾರು. ಆದರೆ ಟಿಕೆಟ್ ಇಲ್ಲದವರಿಗೆ ವಿಮಾನ ನಿಲ್ದಾಣದ ಒಳಗೆ ಪ್ರವೇಶವಿಲ್ಲ. ಅವರು ಹೊರಗೆ ಗಾಜಿನ ಬಾಗಿಲಿನ ಬಳಿ ನಿಂತು, ‘ಬೋರ್ಡಿಂಗ್ ಪಾಸ್ ಕೊಟ್ಟರು’ ಎಂಬ ಫೋನ್ ಬರುವವರೆಗೆ ಕಾಯುತ್ತಿರುತ್ತಾರೆ. ಕೌಂಟರಿನ ಮುಂದೆ ನಿಲ್ಲುವಾಗ ಮಗ ಅಥವಾ ಮಗಳು ಒಬ್ಬರೇ.