ತಾಂಬೂಲ ಮೊದಲು, ಲೆಕ್ಕ ಆಮೇಲೆ

ನವೆಂಬರ್ 1 ಕನ್ನಡಿಗರಿಗೆ ರಾಜ್ಯೋತ್ಸವದ ದಿನ. ಆದರೆ ಅಮೆರಿಕದಲ್ಲಿ ನೆಲೆಸಿದ ಕನ್ನಡ ಸಂಸಾರವೊಂದರಲ್ಲಿ ಹನ್ನೆರಡನೆಯ ತರಗತಿಯ ಮಗನೋ ಮಗಳೋ ಇದ್ದರೆ, ಅಂದು ಮನೆಮಂದಿಯ ಗಮನವೆಲ್ಲ ಬೇರೊಂದು ಕಡೆಗಿರುತ್ತದೆ. ಆ ದೇಶದ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಅನೇಕವು ‘ಅರ್ಲಿ ಡಿಸಿಷನ್’ ಎಂಬ ಪದ್ಧತಿಯ ಅರ್ಜಿಗಳಿಗೆ ಗೊತ್ತುಮಾಡಿರುವ ಕಡೆಯ ದಿನವೂ ಅದೇ.

ಪದ್ಧತಿಯ ಸ್ವರೂಪ ಸರಳವಾದುದು. ವಿದ್ಯಾರ್ಥಿಯು ತನಗೆ ಎಲ್ಲಕ್ಕಿಂತ ಮೆಚ್ಚಾದ ಒಂದೇ ಒಂದು ಕಾಲೇಜನ್ನು ಆರಿಸಿ, ಉಳಿದವರಿಗಿಂತ ಎರಡು ತಿಂಗಳು ಮುಂಚೆಯೇ ಅರ್ಜಿ ಸಲ್ಲಿಸುತ್ತಾನೆ. ಡಿಸೆಂಬರಿನ ನಡುವಿನಲ್ಲಿ ಉತ್ತರ ಬರುತ್ತದೆ. ಸ್ಥಾನ ದೊರೆತರೆ ಅಲ್ಲಿಯೇ ಸೇರತಕ್ಕದ್ದು. ಬೇರೆಡೆ ಹಾಕಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳತಕ್ಕದ್ದು. ಈ ಒಪ್ಪಂದಕ್ಕೆ ವಿದ್ಯಾರ್ಥಿ, ತಂದೆ ಅಥವಾ ತಾಯಿ, ಶಾಲೆಯ ಸಲಹೆಗಾರರು, ಈ ಮೂವರೂ ರುಜು ಹಾಕಬೇಕು. ಸಾಮಾನ್ಯ ರೀತಿಯಲ್ಲಿ ಅರ್ಜಿ ಹಾಕಿದವರಿಗಾದರೋ ಮಾರ್ಚ್ ಕೊನೆಯ ಹೊತ್ತಿಗೆ ಉತ್ತರಗಳು ಬಂದು, ಮೇ 1ರವರೆಗೆ ಅವುಗಳನ್ನು ಹೋಲಿಸಿ ನೋಡುವ ಅವಕಾಶವಿರುತ್ತದೆ.

ನ್ಯೂಜೆರ್ಸಿಯಲ್ಲಿರುವ ಇಂತಹ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತಂದೆತಾಯಿ ಇಬ್ಬರಿಗೂ ಕೆಲಸವುಂಟು. ಮಗಳು ಹನ್ನೆರಡನೆಯ ತರಗತಿ, ಮಗ ಹತ್ತನೆಯದು. ಮನೆಯ ಸಾಲದ ಕಂತು ಇನ್ನೂ ಹದಿನಾಲ್ಕು ವರ್ಷ ಉಳಿದಿದೆ. ಮೈಸೂರಿನಿಂದ ಬಂದ ಅಜ್ಜಿ ಆರು ತಿಂಗಳಿಗೆಂದು ಜೊತೆಯಲ್ಲಿದ್ದಾರೆ. ಮಗಳಿಗೆ ಒಂದು ಕಾಲೇಜಿನ ಮೇಲೆ ಮನಸ್ಸು ನೆಟ್ಟಿದೆ. ಅಕ್ಟೋಬರ್ ತಿಂಗಳ ಒಂದು ರಾತ್ರಿ ಊಟವಾದ ಮೇಲೆ ಅವಳು ಒಪ್ಪಂದದ ಪತ್ರವನ್ನು ತಂದೆಯ ಮುಂದಿರಿಸಿ, “ಅಪ್ಪ, ಇಲ್ಲಿ ಒಂದು ಸಹಿ” ಎನ್ನುತ್ತಾಳೆ.

“ವರ್ಷಕ್ಕೆ ಎಷ್ಟಾಗುತ್ತದೆ?” ಎಂದು ತಾಯಿ ಕೇಳುತ್ತಾಳೆ.

“ಅದು ಸೀಟು ಸಿಕ್ಕಿದ ಮೇಲೆ ತಿಳಿಯುತ್ತದಮ್ಮ.”

ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ತಲೆಯೆತ್ತಿ, “ಕೊಡುವುದು ಬಿಡುವುದು ಮಾತಾಡದೆ ಯಾರಾದರೂ ತಾಂಬೂಲ ಬದಲಾಯಿಸುತ್ತಾರೇನೇ?” ಎನ್ನುತ್ತಾರೆ.

ಅಜ್ಜಿಗೆ ಅಮೆರಿಕದ ಕಾಲೇಜುಗಳ ಸಂಗತಿ ತಿಳಿಯದು. ಆದರೂ ವಿಷಯದ ತಿರುಳನ್ನು ಅವರು ಒಂದೇ ಮಾತಿನಲ್ಲಿ ಹಿಡಿದಿದ್ದಾರೆ. ಬೆಲೆ ಕೇಳುವ ಮೊದಲೇ ಮಾತು ಕೊಡುವುದು ಈ ಪದ್ಧತಿಯ ಗುಟ್ಟು.

ಹಾಗಿದ್ದರೂ ಜನರು ಇದಕ್ಕೆ ಮುಗಿಬೀಳುವುದೇಕೆ? ಅದಕ್ಕೆ ಬಲವಾದ ಕಾರಣವುಂಟು. ಆವೆರಿ, ಫೇರ್‌ಬ್ಯಾಂಕ್ಸ್, ಜೆಕ್‌ಹೌಸರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಮುಂಚಿತವಾಗಿ ಅರ್ಜಿ ಹಾಕುವುದರಿಂದ ದೊರೆಯುವ ಅನುಕೂಲವು ‘ಸ್ಯಾಟ್’ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚಿಗೆ ಪಡೆದುದಕ್ಕೆ ಸಮ ಎಂದು ತೋರಿಸಿಕೊಟ್ಟರು. ಕಾಲೇಜಿಗೂ ಇದು ಲಾಭವೇ. ಕರೆದ ವಿದ್ಯಾರ್ಥಿ ತಪ್ಪದೆ ಬರುತ್ತಾನೆಂಬ ಭರವಸೆ ಡಿಸೆಂಬರಿನಲ್ಲಿಯೇ ದೊರೆಯುತ್ತದೆ. ಆದರೆ ಮುಂಚಿನ ಸುತ್ತಿನಲ್ಲಿ ಕಾಣುವ ಹೆಚ್ಚಿನ ಪ್ರಮಾಣವನ್ನು ಪೂರ್ತಿಯಾಗಿ ನಂಬಲಾಗದು. ಆಟಗಾರರೆಂದು ಕಾಲೇಜು ಮೊದಲೇ ಆರಿಸಿಕೊಂಡವರೂ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಆ ಗುಂಪಿನಲ್ಲಿ ಹೆಚ್ಚಾಗಿರುತ್ತಾರೆ.

ಈ ಲಾಭವನ್ನು ನಿಶ್ಚಿಂತೆಯಿಂದ ಪಡೆಯಬಲ್ಲವರು ಯಾರು? ಎಷ್ಟಾದರೂ ತೆರುತ್ತೇವೆ ಎನ್ನಬಲ್ಲವರು. ಇದನ್ನು ಕಾಲೇಜುಗಳೂ ಅರಿಯದೆ ಇಲ್ಲ. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್, ವರ್ಜೀನಿಯಾ ವಿಶ್ವವಿದ್ಯಾಲಯಗಳು, ಮುಂಚಿನ ಸುತ್ತು ಅನುಕೂಲಸ್ಥರಿಗೇ ಅನುಕೂಲವೆಂದು ಹೇಳಿ, ಅದನ್ನು ಕೈಬಿಡುವುದಾಗಿ ಸಾರಿದವು. 2011ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಅದನ್ನು ಮತ್ತೆ ತೆರೆದರೂ, ಸೇರಲೇಬೇಕೆಂಬ ಕಟ್ಟಿಲ್ಲದ ‘ಅರ್ಲಿ ಆಕ್ಷನ್’ ರೂಪದಲ್ಲಿ ತೆರೆದವು. ಹೆಸರುಗಳು ಅವಳಿಗಳಂತಿದ್ದರೂ ಎರಡಕ್ಕೂ ಅಜಗಜಾಂತರ. ಅರ್ಲಿ ಆಕ್ಷನ್‌ನಲ್ಲಿ ಉತ್ತರ ಬೇಗ ಬರುತ್ತದೆ, ನಿರ್ಧಾರಕ್ಕೆ ಮೇ ತಿಂಗಳವರೆಗೂ ಕಾಲವಿರುತ್ತದೆ.

ನ್ಯೂಜೆರ್ಸಿಯ ತಂದೆ ಅಂದು ರುಜು ಹಾಕಲಿಲ್ಲ, ಇಲ್ಲವೆನ್ನಲೂ ಇಲ್ಲ. ಭಾನುವಾರ ತಾಯಿ, ತಂದೆ, ಮಗಳು ಮೂವರೂ ಗಣಕಯಂತ್ರದ ಮುಂದೆ ಕುಳಿತರು. ಅಮೆರಿಕದ ಕಾಲೇಜುಗಳು ತಮ್ಮ ನಿಜವಾದ ವೆಚ್ಚವನ್ನು ಅಂದಾಜು ಮಾಡಿಕೊಡುವ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಎಂಬ ಸಾಧನವನ್ನು ಒದಗಿಸಬೇಕೆಂದು 2008ರ ಕಾನೂನು ವಿಧಿಸಿತು. 2011ರಿಂದ ಅದು ಜಾರಿಯಲ್ಲಿದೆ. ವರಮಾನ, ಉಳಿತಾಯ, ಆಸ್ತಿಗಳನ್ನು ತುಂಬಿದರೆ, ಆ ಸಂಸಾರವು ಸುಮಾರು ಎಷ್ಟು ತೆರಬೇಕಾದೀತೆಂದು ಅದು ತಿಳಿಸುತ್ತದೆ.

ಕಾಲೇಜಿನ ವರ್ಷದ ಒಟ್ಟು ವೆಚ್ಚ 90,000 ಡಾಲರ್ ಎಂದಿರಲಿ. ಇದು ಉತ್ಪ್ರೇಕ್ಷೆಯಲ್ಲ, ಹಲವು ಖಾಸಗಿ ವಿಶ್ವವಿದ್ಯಾಲಯಗಳು 2024–25ರಲ್ಲಿಯೇ ಈ ಗಡಿಯನ್ನು ದಾಟಿದವು. ಸಾಧನವು ಈ ಸಂಸಾರದ ಪಾಲು 52,000 ಎಂದಿತು. ಮನೆಯ ಖರ್ಚು ಕಳೆದು ಅವರು ನೀಡಬಲ್ಲದ್ದು 35,000. ಉಳಿದ ಕೊರತೆ ವರ್ಷಕ್ಕೆ 17,000. ಶುಲ್ಕ ಏರದಿದ್ದರೂ ನಾಲ್ಕು ವರ್ಷಕ್ಕೆ 68,000.

ಆ ಕೊರತೆಯನ್ನು ಸಾಲದಿಂದ ತುಂಬಬಹುದೆ? ತಂದೆತಾಯಿಯನ್ನು ಅವಲಂಬಿಸಿದ ವಿದ್ಯಾರ್ಥಿಗೆ ಮೊದಲ ವರ್ಷ ಕೇಂದ್ರ ಸರ್ಕಾರದಿಂದ ದೊರೆಯುವ ಸಾಲ 5,500 ಡಾಲರ್ ಮಾತ್ರ. ತಂದೆತಾಯಿಗಳು ಪಡೆಯುವ ‘ಪೇರೆಂಟ್ ಪ್ಲಸ್’ ಸಾಲಕ್ಕೆ 2025ರ ಕಾನೂನು ಮಿತಿ ಹಾಕಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ವರ್ಷಕ್ಕೆ 20,000, ಒಂದು ಮಗುವಿಗೆ ಒಟ್ಟು 65,000. ಅಷ್ಟೂ ಸಾಲ ಅಕ್ಕನಿಗೇ ತೆಗೆದರೆ, ಎರಡು ವರ್ಷದ ನಂತರ ಬಾಗಿಲಿಗೆ ಬಂದು ನಿಲ್ಲುವ ತಮ್ಮನಿಗೆ ಯಾವ ಉತ್ತರ?

ಇಲ್ಲಿ ಇನ್ನೂ ಕೆಲವು ಸಂಗತಿಗಳನ್ನು ಗಮನಿಸಬೇಕು. ಸರ್ಕಾರದ ‘ಫಾಫ್ಸಾ’ ಅರ್ಜಿಯು ವಾಸದ ಮನೆಯ ಬೆಲೆಯನ್ನು ಕೇಳುವುದಿಲ್ಲ; ಅನೇಕ ಖಾಸಗಿ ಕಾಲೇಜುಗಳು ಬಯಸುವ ‘ಸಿ.ಎಸ್.ಎಸ್. ಪ್ರೊಫೈಲ್’ ಕೇಳುತ್ತದೆ. ಮೈಸೂರಿನಲ್ಲಿ ಕೊಂಡಿಟ್ಟ ನಿವೇಶನವನ್ನೂ ಮರೆಯದೆ ತೋರಿಸಬೇಕು. ಹಿಂದೆ ಇಬ್ಬರು ಮಕ್ಕಳು ಏಕಕಾಲಕ್ಕೆ ಕಾಲೇಜಿನಲ್ಲಿದ್ದರೆ ಸರ್ಕಾರದ ಸೂತ್ರ ಸಂಸಾರದ ಪಾಲನ್ನು ಹಂಚಿ ಲೆಕ್ಕಹಾಕುತ್ತಿತ್ತು. 2024–25ರಿಂದ ಆ ರಿಯಾಯಿತಿ ಇಲ್ಲ. ಸ್ವಂತ ವ್ಯಾಪಾರವುಳ್ಳವರು, ಬೇರೆಯಾದ ದಂಪತಿಗಳು, ಇವರ ಮಟ್ಟಿಗೆ ಸಾಧನದ ಅಂದಾಜು ಅಷ್ಟಾಗಿ ನಂಬತಕ್ಕದ್ದಲ್ಲ. ಅಂಥವರು ಕಾಲೇಜಿನ ನೆರವಿನ ಕಚೇರಿಗೆ ಬರೆದು, ರುಜು ಹಾಕುವ ಮುನ್ನವೇ ಅಂದಾಜು ಕೋರುವುದು ಒಳ್ಳೆಯದು. ನೆರವಿನ ಪತ್ರ ಬಂದಾಗಲೂ ಅನುದಾನವೆಷ್ಟು, ಸಾಲವೆಷ್ಟು ಎಂದು ಬೇರ್ಪಡಿಸಿ ನೋಡಬೇಕು. ತೀರಿಸಬೇಕಾದ ಹಣ ನೆರವಲ್ಲ.

ಕಟ್ಟಿನಿಂದ ಬಿಡಿಸಿಕೊಳ್ಳುವ ದಾರಿ ಇಲ್ಲವೆಂದಲ್ಲ. ನೆರವು ಕೋರಿದವರಿಗೆ ದೊರೆತ ಹಣ ಸೇರಲು ಸಾಲದಾದರೆ, ಸ್ಥಾನವನ್ನು ನಿರಾಕರಿಸಿ ಒಪ್ಪಂದದಿಂದ ಮುಕ್ತರಾಗಬಹುದೆಂದು ನಿಯಮವೇ ಹೇಳುತ್ತದೆ. ಆದರೆ ಆ ಬಾಗಿಲು ‘ಆಗದು’ ಎನ್ನುವವರಿಗೆ ತೆರೆದದ್ದು. ‘ಬೇರೆಡೆ ಇದಕ್ಕಿಂತ ಅಗ್ಗ’ ಎನ್ನುವವರಿಗಲ್ಲ. ಬೇರೆಡೆಯ ಬೆಲೆ ತಿಳಿಯುವುದಾದರೂ ಹೇಗೆ? ಅಲ್ಲಿಯ ಉತ್ತರಗಳೇ ಇನ್ನೂ ಬಂದಿರುವುದಿಲ್ಲ. ನಾಲ್ಕು ಅಂಗಡಿ ನೋಡಿ ಸೀರೆ ಕೊಳ್ಳುವ ಗೃಹಿಣಿಗೆ ಈ ನಷ್ಟವನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನಿಂದ ನೇರವಾಗಿ ಅರ್ಜಿ ಹಾಕುವ ವಿದ್ಯಾರ್ಥಿಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅವನಿಗೆ ಅಮೆರಿಕ ಸರ್ಕಾರದ ನೆರವಿಲ್ಲ. ಹೆಚ್ಚಿನ ಕಾಲೇಜುಗಳು ಪರದೇಶದ ವಿದ್ಯಾರ್ಥಿಯ ಹಣದ ಶಕ್ತಿಯನ್ನೂ ನೋಡಿಯೇ ಸ್ಥಾನ ಕೊಡುತ್ತವೆ. ಮೊದಲು ನೆರವು ಬೇಡವೆಂದು ಬರೆದು, ಸೇರಿದ ಮೇಲೆ ಕೇಳಿದರೆ ಅನೇಕ ಕಡೆ ದೊರೆಯುವುದಿಲ್ಲ. ಹಣದ ಶಕ್ತಿಯನ್ನು ನೋಡದೆ ಆರಿಸಿ, ಬೇಕಾದಷ್ಟು ನೆರವು ನೀಡುವ ಕೆಲವೇ ಸಂಸ್ಥೆಗಳಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ.ಗಳ ಮುಂಚಿನ ಸುತ್ತಿಗೆ ಕಟ್ಟಿಲ್ಲ. ಆಮ್ಹರ್ಸ್ಟ್, ಡಾರ್ಟ್‌ಮತ್, ಬೌಡನ್ ಕಾಲೇಜುಗಳಲ್ಲಿ ಅದು ಕಟ್ಟಿನ ಒಪ್ಪಂದವೇ.

ಹಾಗಾದರೆ ಅರ್ಲಿ ಡಿಸಿಷನ್ ಯಾರಿಗೂ ಸಲ್ಲದೆ? ಹಾಗೇನಿಲ್ಲ. ಕಾಲೇಜಿನ ಮೇಲಿನ ಒಲವು ದೃಢವಾಗಿದ್ದು, ಪೂರ್ಣ ಅಗತ್ಯವನ್ನು ತುಂಬಿಕೊಡುವ ಕಾಲೇಜು ಅದಾಗಿದ್ದು, ಅಂದಾಜು ಸಂಸಾರದ ಶಕ್ತಿಯೊಳಗೆ ಬಂದರೆ ಹಿಂಜರಿಯಬೇಕಾದ ಕಾರಣವಿಲ್ಲ. ವರಮಾನ ಕಡಿಮೆಯಿದ್ದು ನೆರವು ಹೆಚ್ಚು ದೊರೆಯುವ ಮನೆಯವರಿಗೂ ಅದು ಒಪ್ಪಬಹುದು. ಇಕ್ಕಟ್ಟಿನಲ್ಲಿ ಸಿಕ್ಕುವವರು ನಡುವಿನವರು: ನೆರವಿಗೆ ಅನುಕೂಲಸ್ಥರೆನಿಸಿ, ಶುಲ್ಕಕ್ಕೆ ಬಡವರಾಗುವವರು.

ಆ ಭಾನುವಾರ ಸಂಜೆ ತಂದೆ ಒಂದು ಕಾಗದದ ಮೇಲೆ 35,000 ಎಂದು ಬರೆದು ಮಗಳ ಮುಂದಿಟ್ಟನು. ಮನೆಯ ವರಮಾನದ ಮಾತನ್ನು ಮಕ್ಕಳೆದುರು ಆಡಿದ್ದು ಅದೇ ಮೊದಲು. “ನಮ್ಮಿಂದ ಆಗುವುದು ಇಷ್ಟು ಮಗಳೇ. ಇಷ್ಟರೊಳಗೆ ಬಂದರೆ ನಾಳೆಯೇ ಸಹಿ ಹಾಕುತ್ತೇನೆ” ಎಂದನು. ಮಗಳು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ತಾನೇ ಆ ಕಾಲೇಜಿನ ಅರ್ಜಿಯನ್ನು ಸಾಮಾನ್ಯ ಸುತ್ತಿಗೆ ಬದಲಾಯಿಸಿ, ರಾಜ್ಯದ ವಿಶ್ವವಿದ್ಯಾಲಯಕ್ಕೆ ಅರ್ಲಿ ಆಕ್ಷನ್ ಅರ್ಜಿ ಹಾಕಿದಳು.

ಮೆಚ್ಚಿದ ಕಾಲೇಜು ಏಪ್ರಿಲ್‌ನಲ್ಲಿ ಅವಳನ್ನು ಕರೆಯುವುದೋ ಇಲ್ಲವೋ ಹೇಳಲಾಗದು. ಒಂದು ಅವಕಾಶವನ್ನು ಅವಳು ಬಿಟ್ಟುಕೊಟ್ಟದ್ದು ನಿಜ, ಅದರ ನೋವೂ ನಿಜ. ಆದರೆ ಯಾವ ಉತ್ತರ ಬಂದರೂ ಅದನ್ನು ಓದುವಾಗ ಮೇಜಿನ ಮೇಲೆ ಬೇರೆ ಪತ್ರಗಳೂ ಇರುತ್ತವೆ, ಪಕ್ಕದಲ್ಲಿ ತಂದೆ ಬರೆದ ಆ ಕಾಗದವೂ ಇರುತ್ತದೆ. ಹಾಸಿಗೆಯ ಉದ್ದವನ್ನು ಅಳೆಯಬೇಕಾದುದು ಕಾಲು ಚಾಚುವ ಮುನ್ನ. ಆ ಅಳತೆಯನ್ನು ಮಕ್ಕಳಿಂದ ಮುಚ್ಚಿಡದಿರುವುದು ತಂದೆತಾಯಿಗಳ ಹೊಣೆ.